ಸಣ್ಣ ಊರಿನ ಹೆಂಗಸರ ನಗೆಚಿತ್ರ: ಶಿಡ್ಲಘಟ್ಟದ ಕಡೆ ಕಡಿಮೆ ದುಡ್ಡಿನಲ್ಲಿ ತೆಗೆಯುವ ಬಗೆ

ಇರುವ ಬದುಕಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಲು ಹೊರಟ ಮೂವರು ಹೆಂಗಸರು, ಅವರ ಉಪಾಯ, ಆ ಉಪಾಯ ತಲೆಕೆಳಗಾಗುವ ಬಗೆ. ಇಷ್ಟನ್ನು ಇಟ್ಟುಕೊಂಡು ಚಿಕ್ಕಬಳ್ಳಾಪುರ, ಕೋಲಾರ ಅಥವಾ ತುಮಕೂರು ಜಿಲ್ಲೆಯಲ್ಲಿ ಸ್ವತಂತ್ರವಾಗಿ ನಗೆಚಿತ್ರ ತೆಗೆಯುವವರಿಗೆ ಬೇಕಾದ ವಿವರ ಇಲ್ಲಿದೆ. ಲೆಕ್ಕಕ್ಕೆ ಹಿಡಿದಿರುವುದು ಸುಮಾರು 95 ನಿಮಿಷದ ಚಿತ್ರ, 15 ಜನರ ತಂಡ, 20 ದಿನದ ಶೂಟಿಂಗ್, ಡಬ್ಬಿಂಗ್ ಇಲ್ಲದೆ ಜಾಗದಲ್ಲೇ ಹಿಡಿದ ಧ್ವನಿ. ಉದಾಹರಣೆಗೆ ಶಿಡ್ಲಘಟ್ಟದ ರೇಷ್ಮೆ ಮನೆಗಳನ್ನು ತೆಗೆದುಕೊಂಡಿದ್ದೇವೆ. ಕೋಲಾರದವರು ಹುಳುವಿನ ಜಾಗದಲ್ಲಿ ಟೊಮ್ಯಾಟೊ ಬಾಕ್ಸನ್ನೂ, ತಿಪಟೂರಿನವರು ಕೊಬ್ಬರಿಯನ್ನೂ ಇಟ್ಟುಕೊಂಡರೆ ಕೆಲಸದ ಕ್ರಮ ಬದಲಾಗುವುದಿಲ್ಲ.

ಇಂಥ ಚಿತ್ರಗಳು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಹಳ್ಳಿ ಹೆಂಗಸಿಗೆ ಏನೂ ಗೊತ್ತಿಲ್ಲ ಎಂಬುದನ್ನೇ ಜೋಕು ಮಾಡುತ್ತಾರೆ. ಎಟಿಎಂ ಮುಂದೆ ತಬ್ಬಿಬ್ಬಾಗುವುದು, ಇಂಗ್ಲಿಷ್ ಪದ ತಪ್ಪಾಗಿ ಹೇಳುವುದು, ಲಿಫ್ಟಿಗೆ ಹೆದರುವುದು. ನೋಡಲು ಕೂತವರಿಗೆ ತೆರೆಯ ಮೇಲಿರುವುದು ತಮ್ಮ ಅತ್ತೆ, ತಮ್ಮ ಅಕ್ಕ. ಅವರು ನಗುವುದಿಲ್ಲ. ಸಂಘದ ಲೆಕ್ಕ, ಮನೆಯ ಲೆಕ್ಕ, ಬಸ್ಸಿನ ಟೈಮು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಓಡಾಡುವ ಹೆಂಗಸು ದಡ್ಡಿಯಲ್ಲ. ಅವಳ ಜಾಣತನ ಊರಿನ ಇನ್ನೊಬ್ಬರ ಜಾಣತನಕ್ಕೆ ಡಿಕ್ಕಿ ಹೊಡೆದಾಗ ನಗು ಬರುತ್ತದೆ. ಕಥೆ, ನಟರ ಆಯ್ಕೆ, ಲೆನ್ಸು, ಮೈಕು, ಎಡಿಟಿಂಗ್ ಎಲ್ಲವನ್ನೂ ಈ ಮಾತಿಗೆ ತಕ್ಕಂತೆ ನಿರ್ಧರಿಸಿ.

ಕಥೆ: ಗಡಿಯಾರ ಮೊದಲು, ಜೋಕು ಆಮೇಲೆ

ನಗೆಚಿತ್ರಕ್ಕೆ ಗಡುವು ಬೇಕು. ಅದನ್ನು ಹೊರಗಿನಿಂದ ತಂದು ಅಂಟಿಸಬೇಡಿ, ಊರಿನ ಕೆಲಸದಲ್ಲೇ ಅದು ಇರುತ್ತದೆ. ರೇಷ್ಮೆ ಮನೆಯನ್ನೇ ನೋಡಿ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತಂದರೆ, ಮನೆಯಲ್ಲಿ ಮೂರನೇ ಮತ್ತು ನಾಲ್ಕನೇ ಜ್ವರ ಆಗುತ್ತವೆ. ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, ಸುಮಾರು ಒಂದು ವಾರ ಅದರ ಹಸಿವಿಗೆ ಕೊನೆಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ವಾರದಲ್ಲೇ ಖರ್ಚು, ಮನೆಯ ಹೆಂಗಸಿಗೆ ರಾತ್ರಿ ನಿದ್ದೆಯೂ ಇಲ್ಲ. ಅಂದರೆ ಅವಳು ಮನೆ ಬಿಟ್ಟು ಹೊರಡಬಹುದಾದ್ದು ಹುಳು ಜ್ವರಕ್ಕೆ ಕೂತ ಆ ಒಂದು ದಿನ. ಎದ್ದ ಹುಳುವಿಗೆ ಸೊಪ್ಪು ತಡವಾದರೆ ಬೆಳೆ ಕೆಡುತ್ತದೆ. ಮೂವರು ಹೆಂಗಸರ ಇಡೀ ಸಾಹಸವನ್ನು ಆ ಒಂದು ದಿನದೊಳಗೆ ಕೂರಿಸಿ. ಪ್ರೇಕ್ಷಕರು ತಾವೇ ಗಡಿಯಾರ ನೋಡಲು ಶುರು ಮಾಡುತ್ತಾರೆ.

ಕೆಲಸದ ಒಳಗಿಂದ ಬರುವ ಸಂಭಾಷಣೆ ಹೇಗಿರುತ್ತದೆ ಎನ್ನುವುದಕ್ಕೆ ಒಂದು ಮಾದರಿ. ಗಾರ್ಮೆಂಟ್ಸ್ ಕೆಲಸಕ್ಕೂ ಹೋಗುವ ಹೆಂಗಸು ರಜೆ ಕೇಳಲು ಸೂಪರ್‌ವೈಸರ್‌ಗೆ ಫೋನು ಮಾಡುತ್ತಾಳೆ.

"ಸಾರ್, ಇವತ್ತು ಬರಕ್ಕಾಗಲ್ಲ. ಜ್ವರ."
"ಯಾರಿಗಮ್ಮ?"
"ಹುಳಕ್ಕೆ ಸಾರ್."
"ಹುಳ ಜ್ವರಕ್ಕೆ ಕೂತ್ರೆ ಸೊಪ್ಪಾಕೋ ಕೆಲ್ಸನೂ ಇರಲ್ವಲ್ಲಮ್ಮ. ಸುಮ್ನೆ ಶಿಫ್ಟಿಗೆ ಬಾ."

ಈ ದೃಶ್ಯಕ್ಕೆ ಬಲ ಬಂದಿರುವುದು ಸೂಪರ್‌ವೈಸರ್ ಕೂಡ ಹುಳು ಸಾಕಿದ ಮನೆಯವನು ಎಂಬುದರಿಂದ. ಅವನ ಜಾಗದಲ್ಲಿ ಏನೂ ತಿಳಿಯದ ಬೆಂಗಳೂರಿನವನನ್ನು ಕೂರಿಸಿದರೆ, ಎಲ್ಲೆಲ್ಲೂ ನೋಡಿದಂಥ ಹಳ್ಳಿ–ಪಟ್ಟಣದ ಜೋಕಾಗಿ ಇಳಿದುಹೋಗುತ್ತದೆ.

ಗಡಿಯಾರದ ನಂತರ ದುಡ್ಡು. ಸ್ಕ್ರಿಪ್ಟ್ ಬರೆಯುವ ಮೊದಲು ಮೂವರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಾಳೆ ನೋಡಿ. ಉದಾಹರಣೆಗೆ, ಅವರಿಗೆ ತಿಂಡಿ ಗಾಡಿ ಮಾಡಲು ಸೆಕೆಂಡ್ ಹ್ಯಾಂಡ್ ಗೂಡ್ಸ್ ಆಟೋ ಬೇಕು, ಮುಂಗಡ 40,000 ರೂಪಾಯಿ. ಗೃಹಲಕ್ಷ್ಮಿಯ 2,000ವನ್ನು ಮೂವರೂ ನಾಲ್ಕು ತಿಂಗಳು ಮುಟ್ಟದೆ ಇಟ್ಟರೆ 24,000. ಚೀಟಿ ಕೂಗಿದರೆ 10,000. ಕಮ್ಮಿ ಬೀಳುವುದು 6,000. ಆ ಆರು ಸಾವಿರವೇ ನಿಮ್ಮ ಚಿತ್ರ. ಲಕ್ಷಾಂತರ ರೂಪಾಯಿ ಬಿದ್ದು ಸಿಕ್ಕಿತು ಎನ್ನುವ ಕಥೆಗಿಂತ ಆರು ಸಾವಿರ ಸಾಲದೆ ಒದ್ದಾಡುವ ಕಥೆಯಲ್ಲಿ ನಗುವೂ ಹೆಚ್ಚು, ಆತಂಕವೂ ಹೆಚ್ಚು. ಅಂಕಿ ಚಿತ್ರದ ಮೊದಲ ಹತ್ತು ನಿಮಿಷದೊಳಗೆ ಪ್ರೇಕ್ಷಕರ ಕಿವಿಗೆ ಎರಡು ಸಲ ಬೀಳಬೇಕು, ಇಲ್ಲದಿದ್ದರೆ ಮುಂದೆ ಐನೂರು ಕಳೆದಾಗ ಅವರ ಎದೆ ಝಲ್ಲೆನ್ನುವುದಿಲ್ಲ.

ಓಡಾಟದ ವಿವರವೂ ಸರಿಯಾಗಿರಲಿ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕಥೆ ಅದಕ್ಕಿಂತ ಹಿಂದಿನದಾದರೆ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕು. ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ, ರಾಜಹಂಸದಲ್ಲಿಲ್ಲ, ಗಡಿ ದಾಟುವ ಬಸ್ಸಿನಲ್ಲೂ ಇಲ್ಲ. ಗೌರಿಬಿದನೂರಿನಿಂದ ಹಿಂದೂಪುರಕ್ಕೋ ಚಿಂತಾಮಣಿಯಿಂದ ಮದನಪಲ್ಲಿಗೋ ನಿಮ್ಮ ನಾಯಕಿಯರು ಹೊರಟರೆ ಟಿಕೆಟ್ ದುಡ್ಡು ಆ ಆರು ಸಾವಿರದ ಲೆಕ್ಕಕ್ಕೆ ಸೇರಬೇಕು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂಬ ನಿಯಮದಲ್ಲೇ ಒಂದು ಒಳ್ಳೆಯ ದೃಶ್ಯವಿದೆ. ಇಂಥವುಗಳಲ್ಲಿ ಒಂದು ತಪ್ಪಿದರೂ ಊರಿನ ಪ್ರೇಕ್ಷಕ ನಗುವುದನ್ನು ಬಿಟ್ಟು ತಪ್ಪು ಹುಡುಕಲು ಕೂರುತ್ತಾನೆ.

ಭಾಷೆ

ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಯ ಕಡೆಗೆ ಹೋದರೆ ಉರ್ದುವೂ ಸೇರುತ್ತದೆ. ಯಾರು ಯಾರ ಜೊತೆ ಯಾವ ಭಾಷೆ ಆಡುತ್ತಾರೆ ಎಂದು ಮೊದಲೇ ಒಂದು ಪಟ್ಟಿ ಮಾಡಿ: ಅತ್ತೆಯ ಜೊತೆ ತೆಲುಗು, ಗೆಳತಿಯ ಜೊತೆ ಕನ್ನಡ, ಸಿಟ್ಟು ಬಂದರೆ ಮತ್ತೆ ತೆಲುಗು. ಈ ಪಟ್ಟಿ ಇಲ್ಲದೆ ಹೋದರೆ ಸೆಟ್ಟಿನಲ್ಲಿ ನಟಿಯರು ಬಾಯಿಗೆ ಬಂದಂತೆ ಬದಲಿಸುತ್ತಾರೆ, ಎಡಿಟಿಂಗಿನಲ್ಲಿ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ನಗಿಸಲೆಂದು ಮಂಡ್ಯದ ಅಥವಾ ಹುಬ್ಬಳ್ಳಿಯ ಮಾತನ್ನು ತಂದು ಈ ಕಡೆಯ ಪಾತ್ರದ ಬಾಯಲ್ಲಿ ಇಡುವ ಅಭ್ಯಾಸ ನಮ್ಮ ಸಿನಿಮಾಗಳಲ್ಲಿ ತುಂಬ ದಿನದಿಂದ ಇದೆ. ದಯವಿಟ್ಟು ಬೇಡ. ಇಲ್ಲಿನ ಮಾತಿಗೇ ಅದರದೇ ಆದ ಓಟವಿದೆ.

ಸ್ಕ್ರಿಪ್ಟ್ ಮುಗಿದ ಮೇಲೆ ಹುಳು ಸಾಕುವ, ಗಾರ್ಮೆಂಟ್ಸಿಗೆ ಹೋಗುವ ಎಂಟು ಹತ್ತು ಹೆಂಗಸರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ, ರೆಕಾರ್ಡ್ ಮಾಡಿ. ಎಲ್ಲಿ ನಕ್ಕರು ಎನ್ನುವುದಕ್ಕಿಂತ ಎಲ್ಲಿ "ಹಂಗಲ್ಲ, ಹಿಂಗೆ" ಎಂದು ತಡೆದರು ಎಂಬುದನ್ನು ಗುರುತು ಮಾಡಿಕೊಳ್ಳಿ. ಅವರ ತಿದ್ದುಪಡಿ ಹೆಚ್ಚುಕಡಿಮೆ ಪ್ರತಿ ಸಲವೂ ನೀವು ಬರೆದದ್ದಕ್ಕಿಂತ ಚಿಕ್ಕದಾಗಿರುತ್ತದೆ. ಓದಿಗೆ ಬಂದವರಿಗೆ ಅರ್ಧ ದಿನದ ಕೂಲಿ ಕೊಡಿ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವನ್ನು ಆಡುಮಾತಿನ ಕನ್ನಡಕ್ಕೆ ಪೂರ್ತಿ ನಂಬಬೇಡಿ, ಗಡಿಯಾರ ಹಿಡಿದು ಓದಿಯೇ ಅಳೆಯಿರಿ.

ನಟಿಯರು

ಹಾಸ್ಯನಟ ನರಸಿಂಹರಾಜು ತಿಪಟೂರಿನವರು, ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದವರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಯ ನೆಲದಲ್ಲಿ ಇವತ್ತಿಗೂ ಪೌರಾಣಿಕ ನಾಟಕ ನಿಂತಿಲ್ಲ. ತುಮಕೂರು ಜಿಲ್ಲೆಯ ಹಾರ್ಮೋನಿಯಂ ಮೇಷ್ಟ್ರುಗಳನ್ನು ಕೇಳಿದರೆ ನಾಟಕಗಳಿಗೆ ಬಣ್ಣ ಹಚ್ಚುವ ಹೆಂಗಸರ ಪರಿಚಯವಾಗುತ್ತದೆ. ಅವರಿಗೆ ಮಾತಿನ ಟೈಮಿಂಗ್ ಹುಟ್ಟುಗುಣದಂತೆ ಬಂದಿರುತ್ತದೆ, ಒಂದೇ ಉಸಿರಿನಲ್ಲಿ ಉದ್ದ ಸಾಲು ಹೇಳಬಲ್ಲರು. ತೊಂದರೆ ಒಂದೇ, ಕೊನೆಯ ಸಾಲಿನವರೆಗೆ ಕೇಳಿಸಬೇಕೆಂದು ಕಲಿತ ಗಂಟಲು ಮೈಕಿನ ಮುಂದೆಯೂ ಇಳಿಯುವುದಿಲ್ಲ.

"ಮೆಲ್ಲಗೆ ಹೇಳಿ" ಎಂದರೆ ಮಾತಿನ ಜೀವವೂ ಇಳಿದುಹೋಗುತ್ತದೆ. ಅದರ ಬದಲು ಕೈಗೆ ಕೆಲಸ ಕೊಟ್ಟು ತಾಲೀಮು ಮಾಡಿಸಿ. ನೆನೆಸಿದ ಅವರೆಕಾಳು ಹಿದುಕುತ್ತಾ ಮಾತಾಡುವವಳು ಎದುರಿಗಿದ್ದವಳಿಗೆ ಎಷ್ಟು ಬೇಕೋ ಅಷ್ಟೇ ದನಿಯಲ್ಲಿ ಮಾತಾಡುತ್ತಾಳೆ. ಬೆರಳು ಕಾಳಿನ ಮೇಲಿರುತ್ತದೆ, ಬಾಯಿ ತನ್ನ ಪಾಡಿಗೆ ನಡೆಯುತ್ತದೆ, ಜೋಕು ಹೇಳುವಾಗಲೂ ತಲೆ ಎತ್ತುವುದಿಲ್ಲ. ಕ್ಯಾಮೆರಾಗೆ ಬೇಕಾದ್ದು ಅದೇ. ಹತ್ತು ದಿನ ತಾಲೀಮು ಇಟ್ಟುಕೊಳ್ಳಿ, ಕೊನೆಯ ಮೂರು ದಿನ ನಿಜವಾದ ಮನೆಯಲ್ಲೇ ಆಗಲಿ.

ಈ ಅವರೆಕಾಳಿನಿಂದ ಬರುವ ತಲೆನೋವೂ ಇದೆ. ಒಂದೊಂದು ಟೇಕಿಗೂ ಬಟ್ಟಲಿನಲ್ಲಿ ಬೇಳೆ ಏರುತ್ತದೆ, ಪಕ್ಕದಲ್ಲಿ ಸಿಪ್ಪೆ ಗುಡ್ಡೆಯಾಗುತ್ತದೆ, ಕಟ್ ಮಾಡಿದಾಗ ತುಂಬಿದ ಬಟ್ಟಲು ಇದ್ದಕ್ಕಿದ್ದಂತೆ ಖಾಲಿಯಾಗಿ ಕಾಣುತ್ತದೆ. ಒಂದೇ ಥರದ ಮೂರು ಬಟ್ಟಲು ಇಟ್ಟುಕೊಳ್ಳಿ: ಖಾಲಿ, ಅರ್ಧ, ತುಂಬಿದ್ದು. ದೃಶ್ಯದ ಯಾವ ಮಾತಿಗೆ ಯಾವ ಬಟ್ಟಲು ಎಂದು ಸ್ಕ್ರಿಪ್ಟಿನಲ್ಲೇ ಬರೆದು, ಪ್ರತಿ ಟೇಕಿಗೂ ಮೊದಲು ಮೊಬೈಲಿನಲ್ಲಿ ಫೋಟೊ ಹಿಡಿದು ಹೊಂದಿಸಿ. ಒಂದು ದೊಡ್ಡ ದೃಶ್ಯಕ್ಕೆ ಎರಡು ಕೆಜಿ ಕಾಳು ನೆನೆಸಿದರೆ ಸಾಕು. ಅದನ್ನು ಹಿಂದಿನ ರಾತ್ರಿಯೇ ನೆನೆಸುವ ಜವಾಬ್ದಾರಿ ಯಾರದೆಂದು ದಿನದ ಕೆಲಸದ ಪಟ್ಟಿಯಾದ ಕಾಲ್‌ಶೀಟಿನಲ್ಲಿ ಹೆಸರು ಹಾಕಿ.

ದುಡ್ಡು, ಕಾಗದ, ಅನುಮತಿ

ಕಾಸಿಗೆ ತಕ್ಕ ಕಜ್ಜಾಯ ನಿಜ, ಆದರೆ ಕಾಸನ್ನು ಎಲ್ಲಿ ಹಾಕುತ್ತೀರಿ ಎನ್ನುವುದು ನಿಮ್ಮ ಕೈಯಲ್ಲಿದೆ. ನೂರು ರೂಪಾಯಿ ಇದ್ದರೆ ನಾವು ಹೇಳುವ ಹಂಚಿಕೆ ಇದು: ನಟರು ಮತ್ತು ತಂಡದ ಸಂಭಾವನೆ 33, ಊಟ–ವಸತಿ–ಓಡಾಟ 22, ಕ್ಯಾಮೆರಾ–ಲೈಟು–ಸೌಂಡಿನ ಬಾಡಿಗೆ 15, ಎಡಿಟಿಂಗ್–ಕಲರ್–ಮಿಕ್ಸಿಂಗ್ 15, ಅನುಮತಿ–ಸೆನ್ಸಾರ್–ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) 5, ಮುಟ್ಟದೆ ಎತ್ತಿಡುವುದು 10. ಬಾಡಿಗೆಯ 15ರಲ್ಲಿ ಕ್ಯಾಮೆರಾಗೆ ಕಡಿಮೆ ಮಾಡಿಯಾದರೂ ಸೌಂಡಿಗೆ ಕೊಡಿ. ಮಾತೇ ಜೀವಾಳವಾದ ಚಿತ್ರದಲ್ಲಿ ಮಾತು ಕೇಳಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಶೀರ್ಷಿಕೆಯನ್ನು ಫಿಲ್ಮ್ ಚೇಂಬರಿನಲ್ಲಿ ನೋಂದಾಯಿಸಿ. ಹಳ್ಳಿಯ ಬೀದಿಗೆ ಗ್ರಾಮ ಪಂಚಾಯಿತಿಯ ಪತ್ರ, ಪಟ್ಟಣಕ್ಕೆ ನಗರಸಭೆಯ ಪತ್ರ, ಎರಡಕ್ಕೂ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಬೇಕು. ಶಿಡ್ಲಘಟ್ಟದ ಗೂಡು ಮಾರುಕಟ್ಟೆ ರೇಷ್ಮೆ ಇಲಾಖೆಯದು, ಅನುಮತಿಯೂ ಅಲ್ಲಿಂದಲೇ. ಹರಾಜಿನ ಹೊತ್ತಿನಲ್ಲಿ ರೈತರ ದಾರಿಗೆ ಅಡ್ಡ ನಿಲ್ಲದೆ ಬರೀ ವಾತಾವರಣದ ಶಾಟು ತೆಗೆದುಕೊಳ್ಳಿ, ಮಾತಿನ ದೃಶ್ಯವನ್ನು ಹರಾಜು ಮುಗಿದ ಮೇಲೆ ಮಾಡಿ. ಭೋಗನಂದೀಶ್ವರ, ಕೋಲಾರಮ್ಮ ಗುಡಿ, ಮಧುಗಿರಿ ಕೋಟೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಕಡಿಮೆ ದುಡ್ಡಿನ ಚಿತ್ರಕ್ಕೆ ಆ ತಾಪತ್ರಯ ಬೇಡ, ದೂರದ ಹೊಲದಿಂದ ನಂದಿ ಬೆಟ್ಟ ಕಂಡರೆ ಸಾಕು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ರೈಲು ದಿನಾ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತದೆ, ಈ ಕಥೆಗೆ ಹೇಳಿ ಮಾಡಿಸಿದ ಜಾಗ. ಆದರೆ ನೈಋತ್ಯ ರೈಲ್ವೆಯ ಅನುಮತಿಯಿಲ್ಲದೆ ಪ್ಲಾಟ್‌ಫಾರ್ಮಿನಲ್ಲಿ ಟ್ರೈಪಾಡ್ ಬಿಚ್ಚಬೇಡಿ. ಬಸ್ಸಿನ ದೃಶ್ಯಕ್ಕೆ ಕೆಎಸ್‌ಆರ್‌ಟಿಸಿಯಿಂದ ಮದುವೆಗೆ ಬಸ್ಸು ಮಾಡುವಂತೆ ಕ್ಯಾಶುಯಲ್ ಕಾಂಟ್ರಾಕ್ಟಿನಲ್ಲಿ ಒಂದು ಬಸ್ಸು ಕೇಳಿ, ಅರ್ಜಿಯಲ್ಲೇ ಶೂಟಿಂಗಿಗೆ ಎಂದು ಬರೆಯಿರಿ.

ಮಕ್ಕಳಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು, ಸಂಭಾವನೆಯ ಶೇ 20ನ್ನು ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಪ್ರಾಣಿಗಳಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯರನ್ನು ಬಿಟ್ಟು ಎಲ್ಲ ಜೀವಿಗಳೂ ಪ್ರಾಣಿಗಳೇ, ಆದ್ದರಿಂದ ಅರ್ಜಿಯಲ್ಲಿ ಹಸು, ಮೇಕೆಯ ಜೊತೆ ಹುಳುವನ್ನೂ ಬರೆದುಬಿಡಿ, ಸೆನ್ಸಾರಿನಲ್ಲಿ ಪ್ರಶ್ನೆ ಬಂದಾಗ ಓಡಾಡುವುದು ತಪ್ಪುತ್ತದೆ. ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಯಲು ಆಂತರಿಕ ಸಮಿತಿ ಇರಲೇಬೇಕೆಂಬುದು 2013ರ ಕಾನೂನು. ಸಮಿತಿಯವರ ಹೆಸರು ಮತ್ತು ಫೋನ್ ನಂಬರು ಪ್ರತಿ ಕಾಲ್‌ಶೀಟಿನಲ್ಲಿ ಇರಲಿ. ಬಾಗಿಲು ಭದ್ರವಾಗಿ ಹಾಕಿಕೊಳ್ಳಬಹುದಾದ ಶೌಚಾಲಯ, ಬಟ್ಟೆ ಬದಲಿಸಲು ಕೋಣೆ ಇವೆರಡು ಇಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಲೊಕೇಶನ್ ಪಟ್ಟಿಯಿಂದ ತೆಗೆಯಿರಿ.

ಯಾವಾಗ

ಡಿಸೆಂಬರಿನಿಂದ ಫೆಬ್ರವರಿ. ಅವರೆಕಾಯಿ ಸಿಗುತ್ತದೆ, ಬಿಸಿಲು ಹದವಾಗಿರುತ್ತದೆ, ಮಳೆ ಕಡಿಮೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಈ ಬಯಲುಸೀಮೆಗೆ ಒಳ್ಳೆ ಮಳೆ ಬೀಳುವ ಕಾಲ, ಶೀಟ್ ಮನೆಯ ಮೇಲೆ ಒಂದು ಹನಿ ಬಿದ್ದರೂ ಧ್ವನಿ ಕೆಟ್ಟಿತು. 95 ಪುಟ, 20 ದಿನ ಎಂದರೆ ದಿನಕ್ಕೆ ಐದು ಪುಟದ ಹತ್ತಿರ. ಬಸ್ಸು ಮತ್ತು ಸಂತೆಯ ದಿನಗಳಲ್ಲಿ ಎರಡೂವರೆ ಪುಟಕ್ಕಿಂತ ಹೆಚ್ಚು ಆಗುವುದಿಲ್ಲ, ಅದನ್ನು ಮನೆಯೊಳಗಿನ ದೃಶ್ಯಗಳ ದಿನ ಸರಿದೂಗಿಸಬೇಕು. ಸಂಘದ ಸಭೆಯ ವಾರ, ಕಂತು ಕಟ್ಟುವ ವಾರ ಯಾವುದೆಂದು ಕೇಳಿ ತಿಳಿದುಕೊಂಡು ಆ ದಿನ ಊರ ಹೆಂಗಸರನ್ನು ಕರೆಯಬೇಡಿ. ಬರುತ್ತೇನೆ ಎನ್ನುತ್ತಾರೆ, ಬರಲಾಗುವುದಿಲ್ಲ.

ಕ್ಯಾಮೆರಾ

ಸೆಕೆಂಡಿಗೆ 24 ಫ್ರೇಮಿನಲ್ಲಿ ಚಿತ್ರೀಕರಿಸುವಾಗ ಶಟರನ್ನು 180 ಡಿಗ್ರಿಯಲ್ಲಿ ಇಟ್ಟರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವುದು 1/48 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟಿರುವ ಮನೆಯಲ್ಲಿ ಚಿತ್ರ ಮಿಣುಕುತ್ತದೆ. 172.8 ಡಿಗ್ರಿ ಅಥವಾ 1/50ಕ್ಕೆ ಇಟ್ಟರೆ ನಿಲ್ಲುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಕೆಲವು ಆಗಲೂ ಮಿಣುಕುತ್ತವೆ, ಲೊಕೇಶನ್ ನೋಡಲು ಹೋದ ದಿನವೇ ಪರೀಕ್ಷಿಸಿ ಬೇರೆ ಬಲ್ಬು ಹಾಕಿ.

ಮೂವರನ್ನೂ ಒಂದೇ ಫ್ರೇಮಿನಲ್ಲಿ ಇಡುವುದು ಈ ಚಿತ್ರದ ಮುಖ್ಯ ಶಾಟು. ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ಒಪ್ಪುತ್ತಾಳೆ, ಮೂರನೆಯವಳು ಸುಮ್ಮನೆ ನೋಡುತ್ತಾಳೆ. ನಗು ಮೂರನೆಯವಳ ಮುಖದಲ್ಲಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 28ರಿಂದ 35 ಎಂಎಂ ಲೆನ್ಸು ಸಾಕು, 24ಕ್ಕಿಂತ ಕೆಳಗೆ ಹೋದರೆ ಅಂಚಿನಲ್ಲಿರುವವಳ ಮುಖ ಎಳೆದಂತೆ ಕಾಣುತ್ತದೆ, ಅದು ಅವಳನ್ನು ಅಣಕಿಸಿದಂತೆ. ಸಾಧ್ಯವಾದರೆ ಎರಡು ಕ್ಯಾಮೆರಾ ಇಡಿ. ಒಂದೇ ಕ್ಯಾಮೆರಾ ಇದ್ದರೆ ಮೊದಲು ಮಾಸ್ಟರ್ (ಇಡೀ ದೃಶ್ಯ ಒಂದೇ ಶಾಟಿನಲ್ಲಿ), ಆಮೇಲೆ ಕೇಳುವವಳ ಕ್ಲೋಸಪ್, ಕೊನೆಗೆ ಹೇಳುವವಳದು. ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತಾರೆ. ಆದರೆ ಹೇಳುವವಳು ಎಂಟನೇ ಸಲವೂ ಸಾಲನ್ನು ಚೆನ್ನಾಗಿ ಹೇಳಬಲ್ಲಳು, ಕೇಳುವವಳಿಗೆ ಎಂಟನೇ ಸಲ ನಗು ಬರುವುದಿಲ್ಲ.

ಹಂಚಿನ ಮನೆಯಲ್ಲಿ ಬೆಳಕು ಬಾಗಿಲಿನಿಂದ ಬರುತ್ತದೆ, ಅದನ್ನೇ ಬಳಸಿ. ಬಾಗಿಲ ಹೊರಗೆ ಬಿಳಿ ಥರ್ಮೋಕೋಲ್ ಶೀಟು ಒರಗಿಸಿ ಬೆಳಕನ್ನು ಒಳಗೆ ತಿರುಗಿಸಿ, ಕಣ್ಣಿನ ಹೊಳಪಿಗೆ ಒಂದು ಚಿಕ್ಕ ಎಲ್‌ಇಡಿ ಪ್ಯಾನಲ್ ಸಾಕು. ಡ್ರೋನ್ ಬೇಡ. ಮೇಲಿನಿಂದ ನೋಡಿದರೆ ಎಲ್ಲ ಊರೂ ಒಂದೇ ಥರ ಕಾಣುತ್ತದೆ.

ಹುಳು ಮನೆಯೊಳಗೆ

ಇಲ್ಲಿ ತಪ್ಪಾದರೆ ಕೆಡುವುದು ನಿಮ್ಮ ಶಾಟಲ್ಲ, ಆ ಮನೆಯವರ ಬೆಳೆ. ಒಳಗೆ ನಾಲ್ಕೇ ಜನ: ಕ್ಯಾಮೆರಾದವರು, ಬೂಮ್ (ಉದ್ದ ಕೋಲಿನ ಮೈಕು) ಹಿಡಿಯುವವರು, ನಿರ್ದೇಶಕ, ನಟಿ. ಬಾಗಿಲಲ್ಲಿ ಸೋಂಕುನಿವಾರಕದಲ್ಲಿ ಕಾಲು ಒದ್ದೆ ಮಾಡಿ, ಕೈ ತೊಳೆದು ಒಳಗೆ ಹೋಗಿ. ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ಕಟ್ಟಿರುವ ಬಲೆಯನ್ನು ಕೇಬಲ್ ಎಳೆಯಲೆಂದು ಬಿಚ್ಚಬೇಡಿ, ಬ್ಯಾಟರಿಯಲ್ಲಿ ಓಡುವ ಲೈಟನ್ನೇ ಒಯ್ಯಿರಿ. ಸೆಂಟು, ಸೊಳ್ಳೆ ಬತ್ತಿ, ಬೀಡಿ, ಹೊಗೆಸೊಪ್ಪು ಹತ್ತಿರವೂ ಸುಳಿಯಬಾರದು, ಸೊಳ್ಳೆಗೆಂದು ಮೈಗೆ ಕ್ರೀಮು ಹಚ್ಚಿಕೊಂಡವರು ಹೊರಗೇ ಇರಲಿ. ಬೆಳೆದ ಹುಳುವಿಗೆ 24–26 ಡಿಗ್ರಿ ಸೆಲ್ಸಿಯಸ್ ಹದ, ಬಿಸಿಯಾಗುವ ಹಳೆಯ ಬಲ್ಬಿನ ಲೈಟು ತಂದರೆ ಸಣ್ಣ ಕೋಣೆಯ ಕಾವು ಬೇಗ ಏರುತ್ತದೆ. ಹತ್ತು ನಿಮಿಷ ತೆಗೆದು ಹೊರಗೆ ಬನ್ನಿ, ಬಾಗಿಲು ಹಾಕಿ ಕೋಣೆಯನ್ನು ತಣಿಯಲು ಬಿಡಿ. ನಟಿ ಸೊಪ್ಪು ಹಾಕುವುದನ್ನು ಮನೆಯಾಕೆಯಿಂದಲೇ ಕಲಿಯಲಿ, ನಾಲ್ಕನೇ ಜ್ವರದ ದೃಶ್ಯಕ್ಕೆ ಅದೇ ಹಂತದ ಹುಳು ಇರುವ ದಿನವನ್ನು ಚಾಕಿ ತಂದ ತಾರೀಖಿನಿಂದ ಎಣಿಸಿ ವೇಳಾಪಟ್ಟಿಯಲ್ಲಿ ಮೊದಲೇ ಕಾದಿರಿಸಿ. ಉಳಿದ ಎಲ್ಲ ದೃಶ್ಯವನ್ನೂ ಹಿಂದೆ ಮುಂದೆ ಮಾಡಬಹುದು, ಇದೊಂದನ್ನು ಆಗುವುದಿಲ್ಲ.

ಹಸಿದ ಹುಳುಗಳ ತಟ್ಟೆಗೆ ಹೊಸ ಸೊಪ್ಪು ಬಿದ್ದಾಗ ಸಾವಿರಾರು ಹುಳು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಮೈಕನ್ನು ಒಂದಡಿ ದೂರದಲ್ಲಿ ಹಿಡಿದು ಐದು ನಿಮಿಷ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಗಡುವು ಮುಗಿಯುತ್ತಿರುವಾಗ ಚಿತ್ರದಲ್ಲಿ ಬೇರೆ ಸಂಗೀತ ಬೇಕಾಗುವುದಿಲ್ಲ.

ಧ್ವನಿ

48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಅತಿ ಎತ್ತರದ ದನಿ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಹೆಂಗಸರು ಕೂಡಿ ನಗುವಾಗ ದನಿ ಇದ್ದಕ್ಕಿದ್ದಂತೆ ಏರಿ ಒಡೆಯುತ್ತದೆ, ಅಂಥ ದೃಶ್ಯಕ್ಕೆ ಇನ್ನೂ ಆರು ಡೆಸಿಬೆಲ್ ಇಳಿಸಿ. 32 ಬಿಟ್ ಫ್ಲೋಟ್ ರೆಕಾರ್ಡರ್ ಸಿಕ್ಕರೆ ಈ ಚಿಂತೆ ಕಡಿಮೆ. ಬೂಮ್ ಮುಖ್ಯ, ಲೇಪಲ್ ಮೈಕು ಜೊತೆಗೆ. ಮೈಕನ್ನು ರವಿಕೆಯೊಳಗೆ ಅಂಟಿಸುವಾಗ ತಾಳಿ ಸರ ಬಡಿಯದ ಜಾಗ ನೋಡಿ. ನೈಲಾನ್ ಸೀರೆ ಸರಭರ ಎನ್ನುತ್ತದೆ, ನಾಯಕಿಯರಿಗೆ ಒಗೆದು ಮೆತ್ತಗಾದ ಹತ್ತಿ ಸೀರೆ ಉಡಿಸಿದರೆ ಪಾತ್ರಕ್ಕೂ ಸರಿ, ಧ್ವನಿಗೂ ಸರಿ.

ಬಳೆ ದೊಡ್ಡ ಸಮಸ್ಯೆ. ಮೂವರ ಆರು ಕೈಯಲ್ಲಿ ಗಾಜಿನ ಬಳೆ, ಆರೂ ಕೈ ಅವರೆಕಾಳು ಹಿದುಕುತ್ತಿವೆ, ಪಂಚ್ ಬರುವ ಹೊತ್ತಿಗೆ ಸರಿಯಾಗಿ ಝಣ್ ಎನ್ನುತ್ತದೆ. ಬಳೆ ತೆಗೆಸಿಬಿಟ್ಟರೆ ಕೈ ಬೋಳು, ಊರಿನವರ ಕಣ್ಣಿಗೆ ಅದು ಬೇರೆಯೇ ಅರ್ಥ. ಕ್ಲೋಸಪ್ಪಿನಲ್ಲಿ ಬಳೆಗಳ ಒಳಬದಿಗೆ ಸಣ್ಣ ಟೇಪು ಹಾಕಿ ಒಂದಕ್ಕೊಂದು ಅಂಟಿಸಿ, ಮಾತು ಮುಗಿದ ಮೇಲೆ ಅದೇ ಕೈಗಳ ಬಳೆ ಸದ್ದನ್ನು ಒಂದು ನಿಮಿಷ ಬೇರೆಯಾಗಿ ಹಿಡಿಯಿರಿ. ಕಾಲ್ಗೆಜ್ಜೆಗೂ ಇದೇ ಮದ್ದು.

ಹೊರಗಿನ ಸದ್ದಿನ ಪಟ್ಟಿ ಲೊಕೇಶನ್ ನೋಡುವಾಗಲೇ ಆಗಬೇಕು. ಒಂದೇ ಜಾಗದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಗುಡಿಯ ಮೈಕು ಶುರು, ಬೆಳಿಗ್ಗೆ ಕಸದ ಆಟೋದ ಹಾಡು, ಆಮೇಲೆ ತರಕಾರಿ ಗಾಡಿಯ ಸ್ಪೀಕರ್, ತ್ರೀ ಫೇಸ್ ಕರೆಂಟು ಬಂದ ತಕ್ಷಣ ಬೋರ್‌ವೆಲ್ ಮೋಟಾರು. ಹಾಡು ಬರೀ ಗದ್ದಲವಲ್ಲ, ಹಿನ್ನೆಲೆಯಲ್ಲಿ ಯಾವುದೋ ಸಿನಿಮಾ ಹಾಡು ಸೇರಿದರೆ ಹಕ್ಕು ಪಡೆಯದೆ ಆ ಟೇಕು ಬಳಸುವಂತಿಲ್ಲ. ನೂಲು ಬಿಚ್ಚುವ ಘಟಕದಲ್ಲಿ ಯಂತ್ರ ಓಡುತ್ತಿರುವಾಗ ದೂರದ ಶಾಟು ತೆಗೆದು, ಕೆಲಸ ಮುಗಿದ ಮೇಲೆ ಯಂತ್ರ ನಿಲ್ಲಿಸಿ ಮಾತಿನ ಶಾಟು ತೆಗೆಯಿರಿ. ನಟಿಯರು ಮಾತ್ರ ಯಂತ್ರ ಓಡುತ್ತಿದೆ ಎಂಬಂತೆ ದನಿ ಎತ್ತರಿಸಬೇಕು, ಇಲ್ಲದಿದ್ದರೆ ಆಮೇಲೆ ಯಂತ್ರದ ಸದ್ದು ಸೇರಿಸಿದಾಗ ಮಾತು ಸುಳ್ಳೆನಿಸುತ್ತದೆ. ಫ್ರಿಜ್ ಆರಿಸಿದವರು ಗಾಡಿಯ ಕೀಲಿಯನ್ನು ಅದರೊಳಗೆ ಇಡಿ, ಮರಳಿ ಹಾಕದೆ ಹೊರಡಲಾಗದು. ಪ್ರತಿ ಜಾಗದಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಬರೀ ಕೋಣೆಯ ಮೌನ ಹಿಡಿಯಿರಿ.

ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ಈ ಕಡೆಯ ಮಾತಿನ ಸೊಗಸು. ಮಾಸ್ಟರ್ ಶಾಟಿನಲ್ಲಿ ಬಿಡಿ. ಕ್ಲೋಸಪ್ಪಿನಲ್ಲಿ ಮಾತ್ರ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡಲಿ, ಎಡಿಟಿಂಗಿನಲ್ಲಿ ಒಂದರ ಮೇಲೊಂದು ಹತ್ತಿಸಬಹುದು.

ಡೇಟಾ

ಸೆಕೆಂಡಿಗೆ 150 ಮೆಗಾಬಿಟ್ಟಿನಲ್ಲಿ ತೆಗೆದರೆ ಗಂಟೆಗೆ ಸುಮಾರು 67 ಜಿಬಿ. ಚಿತ್ರದ ಹತ್ತು ಪಟ್ಟು ತೆಗೆಯುತ್ತೀರಿ ಎಂದುಕೊಂಡರೆ ಹದಿನಾರು ಗಂಟೆ, ಒಂದು ಟಿಬಿ ದಾಟುತ್ತದೆ. 2 ಟಿಬಿಯ ಮೂರು ಡಿಸ್ಕು ಬೇಕು, ಒಂದು ಬೇರೆ ಊರಿನಲ್ಲಿರಬೇಕು. ಎರಡು ಪ್ರತಿ ಚೆಕ್‌ಸಮ್ (ನಕಲು ಮೂಲಕ್ಕೆ ತಾಳೆಯಾಗಿದೆಯೇ ಎಂಬ ಪರೀಕ್ಷೆ) ಸಮೇತ ಆಗುವವರೆಗೆ ಕಾರ್ಡ್ ಅಳಿಸಬೇಡಿ.

ಎಡಿಟಿಂಗ್ ಮತ್ತು ಪರೀಕ್ಷೆ

ಮೊದಲ ಜೋಡಣೆ ಎರಡೂಕಾಲು ಗಂಟೆ ಬಂದರೆ ಗಾಬರಿಯಾಗಬೇಡಿ. ಕತ್ತರಿಸುವಾಗ ಜೋಕಿನ ನಂತರದ ವಿವರಣೆಯ ಸಾಲು ಮೊದಲು ಹೋಗಲಿ. ಪಂಚ್ ಆದ ಮೇಲೆ ಕೇಳುವವಳ ಮುಖದ ಮೇಲೆ ಅರ್ಧದಿಂದ ಮುಕ್ಕಾಲು ಸೆಕೆಂಡು, ಅಂದರೆ 12ರಿಂದ 18 ಫ್ರೇಮು ನಿಲ್ಲಿ, ಆಮೇಲೆ ಮುಂದಿನ ಮಾತು. ಅದಕ್ಕಿಂತ ಬೇಗ ಕಟ್ ಮಾಡಿದರೆ ಮುಂದಿನ ಸಾಲು ನಗುವಿನಲ್ಲಿ ಮುಳುಗುತ್ತದೆ. ತೆಲುಗು, ಉರ್ದು ಮಾತಿಗೆ ಕನ್ನಡ ಅಡಿಬರಹ ಹಾಕುವಾಗ ಪಂಚಿನ ಸಾಲನ್ನು ಪ್ರತ್ಯೇಕ ಅಡಿಬರಹ ಮಾಡಿ. ಇಲ್ಲವಾದರೆ ನಟಿ ಹೇಳುವ ಮೊದಲೇ ಓದಿ ನಕ್ಕಿರುತ್ತಾರೆ.

ಪರೀಕ್ಷೆಗೆ ಸಿನಿಮಾದವರನ್ನು ಕರೆಯಬೇಡಿ. ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ 20–25 ಹೆಂಗಸರನ್ನು ಸಂಘದ ಮೂಲಕ ಆಹ್ವಾನಿಸಿ, ಸಮುದಾಯ ಭವನದಲ್ಲಿ ತೋರಿಸಿ. ಪ್ರೇಕ್ಷಕರ ಕಡೆ ಮುಖ ಮಾಡಿ ಒಂದು ರೆಕಾರ್ಡರ್ ಇಡಿ, ಆಮೇಲೆ ಆ ಧ್ವನಿಯನ್ನು ಎಡಿಟಿಂಗ್ ಟೈಮ್‌ಲೈನಿನಲ್ಲಿ ಚಿತ್ರಕ್ಕೆ ಹೊಂದಿಸಿ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಪಕ್ಕದವರ ಜೊತೆ ಮಾತಿಗಿಳಿದರು ಎಲ್ಲವೂ ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. "ಚೆನ್ನಾಗಿತ್ತಾ?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಆಟೋಗೆ ಎಷ್ಟು ಕಮ್ಮಿ ಬಿದ್ದಿತ್ತು?" ಎಂದು ಕೇಳಿ. ಆರು ಸಾವಿರ ಎಂಬ ಉತ್ತರ ಬರದಿದ್ದರೆ ಮೊದಲ ಹತ್ತು ನಿಮಿಷವನ್ನು ಮತ್ತೆ ಕಟ್ಟಬೇಕು.

ಸೆನ್ಸಾರ್ ಮತ್ತು ಪ್ರದರ್ಶನ

ಅರ್ಜಿ ಇ–ಸಿನೆಪ್ರಮಾಣ್ ಜಾಲತಾಣದಲ್ಲಿ, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. 2024ರ ನಿಯಮಗಳ ನಂತರ ಯುಎ ಪ್ರಮಾಣಪತ್ರ 7, 13, 16 ವರ್ಷದ ಮೇಲೆ ಎಂದು ಮೂರಾಗಿದೆ. ಬೀಡಿ ಸೇದುವ ಒಂದು ಶಾಟಿದ್ದರೂ ಶುರುವಿನಲ್ಲಿ ಮತ್ತು ನಡುವೆ ತಂಬಾಕು ಎಚ್ಚರಿಕೆ, ಆ ಶಾಟಿನ ಮೇಲೆ ಬರಹ ಬೇಕು, ಕಥೆಗೆ ಅನಿವಾರ್ಯವಲ್ಲದಿದ್ದರೆ ಕೈಬಿಡಿ. ಬೈಗುಳದ ಸಾಲಿಗೆ ಸೆಟ್ಟಿನಲ್ಲೇ ಒಂದು ಸೌಮ್ಯ ಬದಲಿ ಟೇಕು ತೆಗೆದಿಟ್ಟುಕೊಳ್ಳಿ. ಡಿಸಿಪಿ 24 ಫ್ರೇಮು, 5.1 ಧ್ವನಿಯಲ್ಲಿ ಆಗಲಿ. ವಾರ್ತಾ ಇಲಾಖೆಯ ಸಹಾಯಧನಕ್ಕೆ ಅರ್ಜಿ ಹಾಕುವವರು ಪ್ರಮಾಣಪತ್ರದಿಂದ ಹಿಡಿದು ಥಿಯೇಟರ್ ದಾಖಲೆಯವರೆಗೆ ಮೂಲಪ್ರತಿ ಜೋಪಾನ ಮಾಡಿ.

ಬೆಂಗಳೂರಿನ ಮಲ್ಟಿಪ್ಲೆಕ್ಸಿನ ಬೆಳಗಿನ ಆಟಕ್ಕೆ ಕಾಯುತ್ತಾ ಕೂರುವ ಬದಲು ಜಿಲ್ಲೆಯ ಸಭಾಂಗಣಗಳಿಂದಲೇ ಶುರು ಮಾಡಬಹುದು: ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಕೋಲಾರದ ಟಿ. ಚನ್ನಯ್ಯ ರಂಗಮಂದಿರ. ಸಾರ್ವಜನಿಕ ಪ್ರದರ್ಶನ ಎಲ್ಲೇ ಆದರೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಆಟವನ್ನು ಭಾನುವಾರ ಮಧ್ಯಾಹ್ನ ಎರಡಕ್ಕೆ ಇಡಿ, ನಾಲ್ಕಕ್ಕೆ ಮುಗಿಯಬೇಕು. ಐದರ ಬಸ್ಸು ತಪ್ಪಿದರೆ ಹಳ್ಳಿಯಿಂದ ಬಂದ ಹೆಂಗಸರು ಮುಂದಿನ ಭಾನುವಾರ ಇನ್ನೊಬ್ಬರನ್ನು ಕಳಿಸುವುದಿಲ್ಲ.